ಒಕಿನಾವಾ ಮಾತು ಜಪಾನೀಸ್‌ನ ಡಯಲೆಕ್ಟಾ?

ಪ್ರಶ್ನೆ: ಎರಡು ವರ್ಷದಿಂದ ಜಪಾನೀಸ್ ಕಲೀತಿದೀನಿ, ಸೆಪ್ಟೆಂಬರ್‌ನಲ್ಲಿ ಒಕಿನಾವಾಗೆ ಹೋಗೋ ಪ್ಲಾನ್ ಇದೆ. ಅಲ್ಲಿನ ಅಜ್ಜಿಯೊಬ್ರು ಮಾತಾಡೋ ವಿಡಿಯೋ ನೋಡಿದ್ರೆ ತಲೆಬುಡ ಅರ್ಥ ಆಗ್ಲಿಲ್ಲ. ಅದು ಜಪಾನೀಸ್ ಡಯಲೆಕ್ಟೇ ತಾನೆ ಸರ್? (ಬೆಂಗಳೂರಿನ ಓದುಗರು)

ಉತ್ತರ: ಗಾಬರಿ ಬೇಡ, ಟೋಕಿಯೋದವ್ರಿಗೂ ಆ ಅಜ್ಜಿ ಮಾತು ಅರ್ಥ ಆಗಲ್ಲ. ಒಕಿನಾವಾ ಮತ್ತೆ ಸುತ್ತಲ ದ್ವೀಪಗಳ ಮಾತುಗಳಿಗೆ ರ್ಯುಕ್ಯು ಭಾಷೆಗಳು ಅಂತಾರೆ, ಅವು ಜಪಾನೀಸ್‌ಗೆ ಅಕ್ಕತಂಗೀರು, ಮಕ್ಕಳಲ್ಲ. 1879ರಲ್ಲಿ ಜಪಾನ್ ಅಲ್ಲಿದ್ದ ರ್ಯುಕ್ಯು ರಾಜ್ಯಾನ ನುಂಗ್ಕೊಂಡ್ಮೇಲೆ ಅವಕ್ಕೆ ಉಪಭಾಷೆ ಅಂತ ಹಣೆಪಟ್ಟಿ ಕಟ್ಟಿದ್ರು, ಸ್ಕೂಲಲ್ಲಿ ಮನೆಮಾತು ಆಡಿದ ಮಗು ಕತ್ತಿಗೆ ಹಲಗೆ ನೇತಾಕಿ ಅವಮಾನ ಮಾಡ್ತಿದ್ರು. 2009ರಲ್ಲಿ ಯುನೆಸ್ಕೋ ಇವನ್ನ ಆರು ಪ್ರತ್ಯೇಕ ಭಾಷೆ ಅಂತ ಲೆಕ್ಕ ಹಾಕ್ತು, ಅದೂ ಅಳಿವಿನಂಚಿನ ಪಟ್ಟೀಲಿ.

ಸದ್ದಿನ ಗುಟ್ಟು ಕನ್ನಡದವ್ರಿಗೆ ಬೇಗ ಹೊಳಿಯುತ್ತೆ. ನಮ್ಮ ಮೈಸೂರು ಕಡೆ 'ಮನೆ' ಧಾರವಾಡದಲ್ಲಿ 'ಮನಿ' ಆಗುತ್ತಲ್ಲ, ಹಂಗೇ ಜಪಾನೀಸ್‌ನ 'ಅಮೆ' (ಮಳೆ) ಅಲ್ಲಿ 'ಅಮಿ', ಜೊತೆಗೆ ಒಕಾರ ಎಲ್ಲಾ ಉಕಾರ, ಹಾಗಾಗಿ 'ಕೊಕೊರೊ' (ಮನಸ್ಸು) 'ಕುಕುರು' ಆಗುತ್ತೆ. 'ಕಿ' ಬಂದ್ರೆ ತುಂಬಾ ಕಡೆ 'ಚಿ'. ಈಗ ಒಕಿನಾವಾ ಅನ್ನೋ ಹೆಸರನ್ನೇ ಇದ್ರಲ್ಲಿ ಹಾಕಿ ನೋಡಿ, ಒ ಹೋಗಿ ಉ, ಕಿ ಹೋಗಿ ಚಿ, ಕೊನೇ 'ನಾವಾ' ಕರಗಿ 'ನಾ', ಅಲ್ಲಿಗೆ 'ಉಚಿನಾ'! ಅವ್ರ ಊರನ್ನ ಅವ್ರು ಕರೆಯೋದೇ ಹಂಗೆ.

ಇದು ಮುಖ್ಯ ದ್ವೀಪದ ಶುರಿ, ನಾಹಾ ಕಡೆ ಮಾತು. ದಕ್ಷಿಣಕ್ಕೆ ಮಿಯಾಕೋಗೆ ಹೋದ್ರೆ ಹೂವಿಗೆ ಜಪಾನೀಸ್ ಥರ 'ಹನಾ' ಅನ್ನಲ್ಲ, 'ಪನಾ' ಅಂತಾರೆ. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆಯ್ತು, ತಮಿಳಲ್ಲಿ 'ಪಾಲ್' ಹಂಗೇ ಉಳೀತು ನೋಡಿ, ಅದೇ ಕಥೆ. ಅಂದ್ರೆ 'ಕೆಟ್ಟ ಜಪಾನೀಸ್' ಅಂತ ಹೀಯಾಳಿಸಿದ ಮಾತಲ್ಲೇ ಜಪಾನೀಸ್ ಕಳ್ಕೊಂಡ ಹಳೇ ಪಕಾರ ಕೂತಿದೆ.

ಮಿಯಾಕೋ ಪಕ್ಕದ ಪುಟ್ಟ ಓಗಮಿ ದ್ವೀಪದ್ದಂತೂ ನನಗೆ ಇವತ್ತಿಗೂ ಬೆರಗು. ಅಲ್ಲಿ 'ಮಾಡು' ಅನ್ನೋಕೆ 'ಕ್‌ಫ್‌ಫ್', ತಿಂಗಳಿಗೆ 'ಕ್‌ಸ್‌ಕ್‌ಸ್'. ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡಿ, ಒಂಚೂರೂ ನಡುಗಲ್ಲ, ಸ್ವರಾನೇ ಇಲ್ಲ, ಮಗೂನ 'ಶ್‌ಶ್' ಅಂತ ಸುಮ್ನಿರಿಸ್ತೀವಲ್ಲ ಅಂಥ ಉಸಿರಲ್ಲೇ ಪೂರ್ತಿ ಪದ. ತೈವಾನ್‌ಗೆ ಹತ್ರ ಇರೋ ಯೊನಗುನಿಯಲ್ಲಿ ಯಕಾರ ದಕಾರ ಆಗಿ 'ಯಾಮಾ' (ಬೆಟ್ಟ) 'ದಾಮಾ' ಆಗುತ್ತೆ. ಥ್ಯಾಂಕ್ಸ್ ಹೇಳೋದೂ ದ್ವೀಪಕ್ಕೊಂದು ಥರ: ನಾಹಾದಲ್ಲಿ 'ನಿಫೇ ದೇಬಿರು', ಯೊನಗುನಿಯಲ್ಲಿ 'ಫುಗರಾಸಾ', ಮಿಯಾಕೋದಲ್ಲಿ 'ತಂಡಿಗಾ ತಂಡಿ' (ಚಳಿಗೂ ಇದಕ್ಕೂ ಸಂಬಂಧ ಇಲ್ಲ!).

ನಿಮ್ಮ ಜಪಾನೀಸ್ ಅಲ್ಲಿ ಎಲ್ಲಾ ಕಡೆ ನಡೆಯುತ್ತೆ. ಹುಡುಗ್ರು ಆಡೋದು ಬಹುಪಾಲು ಒಕಿನಾವಾ ಸೊಗಡಿನ ಜಪಾನೀಸೇ, ಅದನ್ನ ಕೇಳಿ ಉಚಿನಾ ಭಾಷೆ ಕೇಳ್ದೆ ಅನ್ಕೋಬೇಡಿ. ಸೆಪ್ಟೆಂಬರ್ ಅಂದ್ರಲ್ಲ, 18ಕ್ಕೆ ಅಲ್ಲೇ ಇರೋ ಹಾಗೆ ಟಿಕೆಟ್ ಮಾಡ್ಸಿ. ಅವತ್ತು 'ಶಿಮಾಕುತುಬಾ' ಅಂದ್ರೆ ಊರುಮಾತಿನ ದಿನ, 2006ರಿಂದ ಇದೆ. ಕು ಒಂಬತ್ತು, ತು ಹತ್ತು, ಬಾ ಎಂಟು, ಸೇರಿಸಿದ್ರೆ 9ನೇ ತಿಂಗಳು 18. 'ಕುತುಬಾ' ಬದಲು ಜಪಾನೀಸ್‌ನ 'ಕೊತೊಬಾ' (ಮಾತು) ಇಟ್ಕೊಂಡಿದ್ರೆ ಈ ಲೆಕ್ಕ ಕೂರ್ತಿರ್ಲಿಲ್ಲ.