ಕುಲಾಂತರಿ ತರಕಾರಿ ಬಂದರೆ ನಿಮ್ಮ ಕಡೆ ಜನ ಕೊಳ್ಳುತ್ತಾರಾ?

ನಾನು ರಾಯಚೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದೇನೆ, ಬಾಗಿಲ ಪಕ್ಕ ಒಂದಿಷ್ಟು ತರಕಾರಿಯೂ ಇರುತ್ತದೆ. ಹೇಳದೆ ಮಾರಿದರೆ ಕೊಳ್ಳುತ್ತಾರೆ. ಹೇಳಿ ಮಾರಿದರೆ ಸದ್ಯಕ್ಕೆ ಇಲ್ಲ.

ಕುಲಾಂತರಿ (ಬೇರೆ ಜೀವಿಯ ಜೀನ್ ಸೇರಿಸಿ ಮಾಡಿದ್ದು, ಇಂಗ್ಲಿಷಿನಲ್ಲಿ ಜಿಎಂ) ಅನ್ನೋ ಪದ ನಮ್ಮಲ್ಲಿ ಪೇಪರಿನಲ್ಲಷ್ಟೇ ಇದೆ. ಗಿರಾಕಿಗಳಿಗೆ ಇರೋದು ಜವಾರಿ, ಹೈಬ್ರಿಡ್, ಎರಡೇ. ಗಟ್ಟಿ ಟೊಮೆಟೊ, ಬೀಜ ಇಲ್ಲದ ಕಲ್ಲಂಗಡಿ ಕಂಡರೆ 'ಇದು ಬಿಟಿ' ಅನ್ನುತ್ತಾರೆ. ಬಿಟಿ ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಹುಳ ಕೊಲ್ಲುವ ಪ್ರೋಟೀನನ್ನು ಗಿಡವೇ ಮಾಡಿಕೊಳ್ಳುವ ಹಾಗೆ ಮಾಡಿದ ಕುಲಾಂತರಿ. ಈ ಟೊಮೆಟೊ, ಕಲ್ಲಂಗಡಿ ಬಿಟಿ ಅಲ್ಲ, ತಳಿ ಕೂಡಿಸಿ ಮಾಡಿದ್ದು.

ಪಕ್ಕದ ಓಣಿಯ ಒಬ್ಬ ಅಜ್ಜಿ ಎಣ್ಣೆಗಾಯಿಗೆ ಬದನೆಕಾಯಿ ಆರಿಸುವಾಗ ಒಂದೊಂದನ್ನೂ ತಿರುಗಿಸಿ ತೊಟ್ಟಿನ ಹತ್ತಿರ ನೋಡುತ್ತಾರೆ. ಹುಳ ಹೊಕ್ಕ ತೂತು ಕಂಡರೆ ಬುಟ್ಟಿಗೆ ವಾಪಸ್. ಒಂದರಲ್ಲೂ ತೂತು ಇಲ್ಲದಿದ್ದರೆ, "ಎಷ್ಟು ಎಣ್ಣಿ ಹೊಡ್ದಾರೋ ಏನೋ ತಮ್ಮಾ" ಅಂತ ನನಗೇ ಬೈಗುಳ. (ನಮ್ಮ ಕಡೆ ಎಣ್ಣಿ ಅಂದರೆ ಕೀಟನಾಶಕವೂ ಹೌದು.)

ಬಿಟಿ ಬದನೆ ಮಾಡಿದ್ದೇ ಈ ಕಾಯಿಕೊರಕದ ಕಾಟಕ್ಕೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸ್ಥಳೀಯ ತಳಿಗಳಲ್ಲಿ ಅದನ್ನು ತಂದಿತ್ತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ತಜ್ಞರ ಸಮಿತಿ ಒಪ್ಪಿತು, 2010ರ ಫೆಬ್ರವರಿಯಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ತಡೆದರು. ಬಿಟಿ ಬದನೆಯ ಪ್ರೋಟೀನು ಹುಳದ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ, ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ ಅಂತ ಅಜ್ಜಿಗೆ ಬಿಡಿಸಿ ಹೇಳಿದೆ. "ಹಂಗಾದ್ರ ಮೊದ್ಲ ಒಂದ್ ವರ್ಷ ನೀ ತಿನ್ನು, ಆಮೇಲೆ ನೋಡೂಣು" ಅಂದರು.

ರೈತ ಗಿರಾಕಿಗಳ ಅನುಮಾನ ಬೇರೆ. ಬಿಟಿ ಹತ್ತಿ ಬಂದಾಗ ಎಣ್ಣೆ ಹೊಡೆಯೋದು ತಪ್ಪಿತು ಅಂತ ಖುಷಿಪಟ್ಟವರು, ಗುಲಾಬಿ ಕಾಯಿಕೊರಕ ಅದಕ್ಕೂ ಬಗ್ಗದೆ ಹೋದ ಮೇಲೆ ಮತ್ತೆ ಪಂಪು ಬೆನ್ನಿಗೇರಿಸಿದರು. ಬದನೆಯಲ್ಲೂ ಇದೇ ಆಟ ಅಲ್ವಾ ಅಂತ ಕೇಳುತ್ತಾರೆ. ಸುಮ್ನೆ ಕೇಳೋ ಪ್ರಶ್ನೆ ಅಲ್ಲ ಅದು.

ತಮಾಷೆ ಅಂದರೆ, ನಾವು ಆಗಲೇ ತಿನ್ನುತ್ತಿದ್ದೇವೆ. 2002ರಿಂದ ಇಲ್ಲಿ ಬಿಟಿ ಹತ್ತಿ ಇದೆ, ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಈಗ ಅದೇ. ಅದರ ಕಾಳಿನ ಎಣ್ಣೆ ಅಡುಗೆಗೆ ಹೋಗುತ್ತದೆ, ಹಿಂಡಿ ಎಮ್ಮೆಗೆ. ನನಗೆ ಹೆದರಿಕೆ ಇಲ್ಲ, ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನು ಉಳಿಯೋದೇ ಇಲ್ಲ ಅನ್ನಬಹುದು. ಆದರೆ ಪ್ಯಾಕೆಟ್ ಮೇಲೆ 'ಜಿಎಂ' ಅಂತ ಅಚ್ಚು ಹಾಕಬೇಕು ಅನ್ನೋ ನಿಯಮ 2013ರ ಜನವರಿಯಲ್ಲೇ ಬಂದಿತ್ತು. ನನ್ನ ಅಂಗಡಿಗೆ ಬಂದ ಒಂದು ಡಬ್ಬಿಯ ಮೇಲೂ ಅದನ್ನು ನಾನು ನೋಡಿಲ್ಲ. ಯಾರಾದರೂ ಕೇಳಿದರೆ ಏನು ತೋರಿಸಲಿ?