ಏರ್ ಪಿಸ್ತೂಲಿನ ಲೋಡಿಂಗ್ ಲಿವರ್ ಮುಚ್ಚಿದರೂ ಮೇಲೇಳುತ್ತಿದೆ. ಒಳಗಿನ ಸ್ಪ್ರಿಂಗ್ ನಾನೇ ಬದಲಿಸಬಹುದೇ?

ಬದಲಿಸಬಹುದು. ನನ್ನ 10 ಮೀಟರ್ ಪಿಸ್ತೂಲಿಗೂ ಎರಡು ವರ್ಷಗಳ ಹಿಂದೆ ಇದೇ ತೊಂದರೆ ಬಂದಿತ್ತು. ಅದರಲ್ಲಿ ಲಿವರಿನ ಬುಡಕ್ಕೆ ಒಂದು ಕುಳಿ, ಕುಳಿಯೊಳಗೆ ಸ್ಪ್ರಿಂಗ್, ಸ್ಪ್ರಿಂಗಿನ ತಲೆಯ ಮೇಲೆ ಮೆಣಸಿನ ಕಾಳಿಗಿಂತ ಚಿಕ್ಕದಾದ ಉಕ್ಕಿನ ಗೋಲಿ. ಲಿವರ್ ಮುಚ್ಚಿದಾಗ ಗೋಲಿ ಎದುರಿನ ತಗ್ಗಿನಲ್ಲಿ ಕೂತು ‘ಟಕ್’ ಎನ್ನಬೇಕು. ಆ ಸದ್ದು ಮಂಕಾಗಿದ್ದರೆ ಮೊದಲು ಕುಳಿಯ ಜಿಡ್ಡು ಒರೆಸಿ ನೋಡಿ. ಆಗಲೂ ನಿಲ್ಲದಿದ್ದರೆ ಸ್ಪ್ರಿಂಗ್ ಸೋತಿದೆ.

ಲಿವರನ್ನು ಹಿಡಿದಿರುವ ಪಿನ್ ಮುಟ್ಟುವ ಮೊದಲು ನಳಿಗೆಯಲ್ಲಿ ಪೆಲೆಟ್ (ಸೀಸದ ಪುಟ್ಟ ಗುಂಡು) ಇಲ್ಲವೆಂದು ಖಚಿತಪಡಿಸಿಕೊಂಡು, ಗಾಳಿ ತುಂಬಿದ ಸಿಲಿಂಡರ್ ಬಿಚ್ಚಿಡಿ. ಬಿಚ್ಚಿದ ಮೇಲೂ ಪಿಸ್ತೂಲಿನೊಳಗೆ ಸ್ವಲ್ಪ ಗಾಳಿ ಉಳಿದಿರುತ್ತದೆ. ಸುರಕ್ಷಿತ ದಿಕ್ಕಿಗೆ ಹಿಡಿದು, ಸದ್ದು ಪೂರ್ತಿ ಅಡಗುವವರೆಗೆ ಲಿವರ್ ಎಳೆದು ಟ್ರಿಗರ್ ಒತ್ತಿ. ಇದನ್ನು ದಯವಿಟ್ಟು ಬಿಡಬೇಡಿ.

ಪಿನ್ನನ್ನು ಅದರ ಅಳತೆಯ ಪಂಚ್‌ನಿಂದಲೇ (ಪಿನ್ ಹೊರತಳ್ಳುವ ಉಕ್ಕಿನ ಕಡ್ಡಿ) ತಟ್ಟಿ. ಮೊಳೆ ಇಟ್ಟು ತಟ್ಟಿದರೆ ಪಿನ್ನಿನ ತಲೆ ಅಗಲವಾಗಿ ರಂಧ್ರ ಕೆಡುತ್ತದೆ. ನಾನು ಮೊದಲ ಸಲ ಮೇಜಿನ ಮೇಲೆ ಬಿಚ್ಚಿದಾಗ ಗೋಲಿ ಕಣ್ಣೆದುರೇ ಸಿಡಿದುಹೋಯಿತು. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ನೆಲವೆಲ್ಲ ಸವರಿದ ಮೇಲೆ, ಮುಕ್ಕಾಲು ಗಂಟೆಯ ನಂತರ, ಬೀರುವಿನ ಕಾಲಿನ ಬಳಿ ಸಿಕ್ಕಿತು. ಈಗ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟುಕೊಂಡೇ ಲಿವರ್ ಹೊರತೆಗೆಯುತ್ತೇನೆ. ಕಣ್ಣಿಗೆ ಕನ್ನಡಕವೂ ಇರಲಿ. ಜೋಡಿಸುವಾಗ ಗೋಲಿಗೆ ಚೂರು ಗ್ರೀಸ್ ಹಚ್ಚಿದರೆ ಅದು ಸ್ಪ್ರಿಂಗಿಗೆ ಅಂಟಿ ನಿಲ್ಲುತ್ತದೆ. ತೆಳುವಾದ ಉಕ್ಕಿನ ಪಟ್ಟಿಯಿಂದ ಅದನ್ನು ಒತ್ತಿ ಹಿಡಿದು, ಲಿವರನ್ನು ಸ್ಥಳಕ್ಕೆ ಜಾರಿಸಿ, ಪಟ್ಟಿಯನ್ನು ಮೆಲ್ಲಗೆ ಎಳೆದುಕೊಳ್ಳಿ.

ಸ್ಪ್ರಿಂಗ್ ಮಾತ್ರ ತಯಾರಕರದ್ದೇ ಆಗಿರಲಿ. ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕುವವರನ್ನೂ ಹಳೆಯದನ್ನೇ ಎಳೆದು ಉದ್ದ ಮಾಡುವವರನ್ನೂ ನೋಡಿದ್ದೇನೆ. ಎಳೆದದ್ದು ಕೆಲವೇ ದಿನಗಳಲ್ಲಿ ಮತ್ತೆ ಕುಗ್ಗುತ್ತದೆ. ಬಿಗಿಯಾದದ್ದು ಹಾಕಿದರೆ ಪ್ರತಿ ಸಲ ಲಿವರನ್ನು ಜಗ್ಗಿ ತೆಗೆಯಬೇಕಾಗಿ ಹಿಡಿಕೆಯ ಮೇಲಿನ ಕೈ ಕದಲುತ್ತದೆ. 60 ಗುಂಡುಗಳ ಸ್ಪರ್ಧೆಯಲ್ಲಿ ಅದು ಅರವತ್ತು ಸಲ ಕದಲಿದಂತೆ! ಎರಡು ಜೊತೆ ತರಿಸಿ, ಒಂದನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ.

ಸ್ಪರ್ಧೆ ಹತ್ತಿರವಿದ್ದರೆ ಈಗಲೇ ಮಾಡಿ, ಕಡೆಯ ವಾರಕ್ಕೆ ತಳ್ಳಬೇಡಿ. ಟೋಕಿಯೋ ಒಲಿಂಪಿಕ್ಸಿನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟು, ಲಿವರ್ ಮುರಿದು, ಅಮೂಲ್ಯ ನಿಮಿಷಗಳು ರಿಪೇರಿಗೇ ಹೋದವು. ಆಮೇಲೂ ಅವರು 575 ಅಂಕ ಗಳಿಸಿ, ಎರಡೇ ಅಂಕಗಳಿಂದ ಫೈನಲ್ ತಪ್ಪಿಸಿಕೊಂಡರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮದು 0.22 ಪಿಸ್ತೂಲಾಗಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಅದು ಪರವಾನಗಿಯ ಬಂದೂಕು, ರಿಪೇರಿಯೂ ಪರವಾನಗಿಯುಳ್ಳವರ ಕೈಯಲ್ಲೇ ಆಗಬೇಕು.

ಜೋಡಿಸಿದ ಮೇಲೆ ಸಿಲಿಂಡರ್ ಹಾಕದೆಯೇ ಲಿವರನ್ನು ಐವತ್ತು ಸಲ ತೆಗೆದು ಮುಚ್ಚಿ. ‘ಟಕ್’ ಪ್ರತಿ ಸಲವೂ ಒಂದೇ ರೀತಿ ಕೇಳಬೇಕು. ಆಮೇಲೆ ಟ್ರಿಗರಿಗೆ 500 ಗ್ರಾಂ ತೂಕ ಕಟ್ಟಿ, ಪಿಸ್ತೂಲು ಸಿಡಿಯದೆ ಅದನ್ನು ಎತ್ತುತ್ತದೆಯೇ ಎಂದು ಪರೀಕ್ಷಿಸಿಯೇ ರೇಂಜಿಗೆ ಹೋಗಿ.