ಜಮೀನು ನೋಡಲು ಏಪ್ರಿಲ್‌ನಲ್ಲಿ ಹೋಗಿ

ಪ್ರಶ್ನೆ: ಬೆಂಗಳೂರು ಬಿಟ್ಟು ತುರುವೇಕೆರೆ, ಮಧುಗಿರಿ ಇಲ್ಲವೇ ಚಿಂತಾಮಣಿ ಕಡೆ ಎರಡು ಎಕರೆ ಕೊಂಡು ತೋಟದ ಮನೆ ಕಟ್ಟುವ ಯೋಚನೆಯಿದೆ. ನಾಲ್ಕು ಜನ. ಮಳೆ ಕೈಕೊಟ್ಟರೂ, ವಾರಗಟ್ಟಲೆ ಕರೆಂಟು ಹೋದರೂ ಬದುಕು ನಡೆಯಬೇಕು. ಯಾವ ತಾಲ್ಲೂಕು ವಾಸಿ?

ಉತ್ತರ: ತಾಲ್ಲೂಕಿಗಿಂತ ಊರು ಮುಖ್ಯ, ಊರಿಗಿಂತ ಅದರ ಕೆರೆ ಮುಖ್ಯ. ತುರುವೇಕೆರೆಯ ಹಲವು ಕೆರೆಗಳಿಗೆ ಹೇಮಾವತಿ ನಾಲೆಯ ನೀರುಂಟು. ಚಿಂತಾಮಣಿಯ ಕೆಲವು ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತದೆ. ಅದು ಅಂತರ್ಜಲಕ್ಕೆ, ನೇರವಾಗಿ ಕುಡಿಯಲು ಅಲ್ಲ. ಉಳಿದ ಕಡೆ ಮಳೆ ಮತ್ತು ಕೊಳವೆಬಾವಿಯೇ ಗತಿ.

ಅಕ್ಟೋಬರ್‌ನಲ್ಲಿ ಎಲ್ಲ ಜಮೀನೂ ಹಸಿರೇ. ಏಪ್ರಿಲ್‌ನಲ್ಲಿ ಹೋಗಿ, ಪಕ್ಕದವರನ್ನು ಕೇಳಿ ಅವರ ಮೋಟರನ್ನು ಎರಡು ಗಂಟೆ ಓಡಿಸಿ. ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ 200 ಲೀಟರ್ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ. ಕೊನೆಗೆ ನೀರು ಬಿಟ್ಟುಬಿಟ್ಟು, ಗಾಳಿ ಸಮೇತ ಬಂದರೆ ಆ ಬಾವಿಯ ನೀರು ಮೋಟರಿಗೆ ಸಾಲುತ್ತಿಲ್ಲ. ನೀವು ಪಕ್ಕದಲ್ಲಿ ಕೊರೆಸಿದರೂ ಅದೇ ಕಥೆಯಾಗಬಹುದು. ಸುತ್ತ ಬತ್ತಿದ ಬಾವಿಗಳೆಷ್ಟು, ಎಷ್ಟು ಅಡಿಯವು ಎಂದೂ ಕೇಳಿ. ಮಾರುವವರ ಮಾತಿಗಿಂತ ಇದು ಗಟ್ಟಿ.

ಕಾಲು ಗಂಟೆ ಮೋಟರ್ ಓಡಿದ ಮೇಲೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡಿದು ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕಾಯಿಸಿದರೆ ಹೋಗುತ್ತದೆ ಎಂಬುದು ಸುಳ್ಳು: ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ.

ಹಾಗಾಗಿ ಕುಡಿಯುವ ನೀರು ಚಾವಣಿಯಿಂದಲೇ ಬರಲಿ. 1,000 ಚದರ ಅಡಿ ಚಾವಣಿಯ ಮೇಲೆ ಬರಗಾಲದಲ್ಲಿ 400 ಮಿ.ಮೀ. ಬಿದ್ದರೂ, ಐದನೇ ಒಂದು ಪಾಲು ನಷ್ಟ ಕಳೆದು ಸುಮಾರು 30,000 ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್ ಎಂದರೆ ಆರು ತಿಂಗಳಿಗೆ 3,600 ಲೀಟರ್. ಬೋರ್‌ನೀರು ಬೆರೆಯದ 10,000 ಲೀಟರ್ ಸಂಪು ಧಾರಾಳ. ಪ್ರತಿ ಮಳೆಯ ಮೊದಲ 150–200 ಲೀಟರ್ ಹೊರಗೆ ಬಿಡಿ. ಸಂಪಿಗೆ ಬೆಳಕು, ಸೊಳ್ಳೆ ಹೋಗಕೂಡದು. ಹಸು ಕಟ್ಟುವುದಾದರೆ ಈ ಲೆಕ್ಕ ಸಾಲದು. ಒಂದಕ್ಕೇ ದಿನಕ್ಕೆ 60 ಲೀಟರ್ ಬೇಕು.

ಊಟಕ್ಕೆ ರಾಗಿ. ದಿನಕ್ಕೆ 1.2 ಕಿಲೋ ಎಂದರೆ ವರ್ಷಕ್ಕೆ ನಾಲ್ಕೂವರೆ ಕ್ವಿಂಟಾಲ್. ಖುಷ್ಕಿಯಲ್ಲಿ, ಅಂದರೆ ಮಳೆ ನಂಬಿದ ಹೊಲದಲ್ಲಿ, ಎಕರೆಗೆ ಒಳ್ಳೆಯ ಮಳೆಗೆ 8–10 ಕ್ವಿಂಟಾಲ್, ಕೆಟ್ಟ ವರ್ಷ ಅರ್ಧವೂ ಅನುಮಾನ. ಆದ್ದರಿಂದ ಒಂದು ವರ್ಷದ ರಾಗಿ ಸದಾ ಮನೆಯಲ್ಲಿರಲಿ, ಕಾಳಾಗಿಯೇ. ಹಿಟ್ಟು ಮಾಡಿಟ್ಟರೆ ಮುಗ್ಗುತ್ತದೆ. ರಾಗಿಯ ನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ.

ಪ್ರಶ್ನೆ: ಕರೆಂಟಿಗೆ ಇನ್ವರ್ಟರ್ ಸಾಕೇ?

ಉತ್ತರ: ದೀಪ, ಫೋನಿಗೆ ಸಾಕು. 800 ಅಡಿಯ ಬೋರ್ ಮೋಟರನ್ನು ಅದು ಎತ್ತಲಾರದು. ಊರಾಚೆಯ ತೋಟದ ಮನೆಗೆ ಬರುವುದು ಹೆಚ್ಚಾಗಿ ಪಂಪ್‌ಸೆಟ್ ಲೈನೇ. ಬೋರ್ ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ಇರುವುದು ದಿನದಲ್ಲಿ ಕೆಲವೇ ಗಂಟೆ. ಆಗ ಎತ್ತರದ ತೊಟ್ಟಿ ತುಂಬಿಸಿಕೊಳ್ಳಿ. ಸಂಪಿನಿಂದಾದರೆ ಬಿಂದಿಗೆಯಲ್ಲೂ ಸೇದಬಹುದು.

ಪ್ರಶ್ನೆ: ಕೆರೆಯ ಕೆಳಗಿನ ಜಮೀನು ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಬೆಳೆಗೆ ಒಳ್ಳೆಯದು, ಮನೆಗಲ್ಲ. 2021ರ ನವೆಂಬರ್ ಮಳೆಗೆ ಈ ಜಿಲ್ಲೆಗಳ ಕೆರೆಗಳು ಕೋಡಿ ಬಿದ್ದಾಗ ನೀರು ಎಲ್ಲಿವರೆಗೆ ಬಂತೆಂದು ಊರವರನ್ನು ಕೇಳಿ. ಮನೆ ಅದಕ್ಕಿಂತ ಮೇಲಿರಲಿ. ಸರ್ಕಾರದ ಭೂನಕ್ಷೆಯ ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ತೆರೆದು ರಾಜಕಾಲುವೆ ನೋಡಿ, ಪಹಣಿಯಲ್ಲಿ ಬಿ-ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗ) ಎಷ್ಟಿದೆ ನೋಡಿ. ದಾರಿ ಗ್ರಾಮ ನಕಾಶೆಯಲ್ಲಿ ಇರಬೇಕು. ಪಕ್ಕದವರ ಬದುವಿನ ಮೇಲಿನ ದಾರಿ ನಂಬಿದರೆ, ಜಗಳವಾದ ದಿನ ಆಂಬುಲೆನ್ಸೂ ಒಳಗೆ ಬರದು.